ವೇಲ್ಸ್ ಕಡೆ ಜನ ಇಲ್ಲದ ಹುಲ್ಲುಗುಡ್ಡ ಯಾವುದಾದ್ರೂ ಗೊತ್ತಿದ್ರೆ ಹೇಳಿ, ಅಪ್ಪಯ್ಯನ್ನ ಕರ್ಕೊಂಡು ಹೋಗ್ಬೇಕು

ಬ್ಯಾಣದಮನೆ:

ಎಲ್ರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವ್ರು. ನನ್ನಕ್ಕ ವೇಲ್ಸ್‌ನಲ್ಲಿ ಲ್ಯಾಂಡ್ರಿಂಡಾಡ್ ವೆಲ್ಸ್ ಅನ್ನೋ ಸಣ್ಣ ಊರಲ್ಲಿ ನರ್ಸ್ ಆಗಿದಾಳೆ, ಹೋಗಿ ನಾಲ್ಕು ವರ್ಷ ಆಯ್ತು. ಈ ಜೂನ್‌ನಲ್ಲಿ ಅಪ್ಪಯ್ಯ, ಅಮ್ಮ, ನಾನು ಮೂರು ವಾರಕ್ಕೆ ಅಂತ ಹೊರಟಿದೀವಿ, ವೀಸಾ ಟಿಕೆಟ್ ಎಲ್ಲ ಆಗಿದೆ.

ವಿಷ್ಯ ಏನಂದ್ರೆ ಅಪ್ಪಯ್ಯನಿಗೆ ಲಂಡನ್ ಬೇಡ್ವಂತೆ, ಅರಮನೆ ಬೇಡ್ವಂತೆ. ಅಕ್ಕ ವಿಡಿಯೋ ಕಾಲ್ ಮಾಡ್ದಾಗೆಲ್ಲ ಅವ್ಳ ಹಿಂದೆ ಕಿಟಕೀಲಿ ದೂರದ ಗುಡ್ಡ ಕಾಣುತ್ತೆ, ಇವ್ರು ಮಗಳ ಮುಖ ಬಿಟ್ಟು ಅದನ್ನೇ ನೋಡ್ತಾ ಕೂರ್ತಾರೆ, ಸ್ವಲ್ಪ ಆಚೆ ಸರ್ಕೊಳೇ ಮಾರಾಯ್ತಿ ಗುಡ್ಡ ಕಾಣ್ಲಿ ಅಂತಾರೆ. ಅದ್ರ ಮೇಲೆ ಒಂದ್ಸಲ ನಡೀಬೇಕು, ಅಷ್ಟೇ ಸಾಕು ನಂಗೆ ಅಂತ ಹೇಳಿದಾರೆ. ಅವ್ರು ಹುಡುಗ ಆಗಿದ್ದಾಗ ನಮ್ಮನೆ ಹಿಂದಿನ ಬ್ಯಾಣದಲ್ಲಿ ದನ ಕಾಯ್ದವ್ರು. ಆಗ ತೋಟದ ಮೇಲಿನ ದರೆಯಿಂದ ಹಿಡ್ದು ಗುಡ್ಡದ ನೆತ್ತಿ ತನಕ ಬರೀ ಹುಲ್ಲಂತೆ. ಈಗ ಅರ್ಧಕ್ಕರ್ಧ ಅಕೇಶಿಯಾ ಬೆಳ್ದು ಒಳಗೆ ಕತ್ತಲೆ, ಕರಡ ಕೊಯ್ಯೋಕೂ ಹುಲ್ಲಿಲ್ಲ.

ನೆಟ್‌ನಲ್ಲಿ ಹುಡುಕಿದ್ರೆ ಬರೀ ಪೆನ್ ಇ ವ್ಯಾನ್ ಬರುತ್ತೆ, 886 ಮೀಟರ್ ಅಂತೆ, ಫೋಟೋ ನೋಡಿದ್ರೆ ತುದೀಲಿ ಕ್ಯೂ ನಿಂತಿದಾರೆ. ಅಂಥದ್ದು ಬೇಡ. ಹೆಸರಿಲ್ದಿದ್ರೂ ಪರ್ವಾಗಿಲ್ಲ, ಜನ ಇರ್ಬಾರ್ದು, ಹುಲ್ಲಿರ್ಬೇಕು, 68 ವರ್ಷದವ್ರು ಹತ್ತೋ ಹಾಗಿರ್ಬೇಕು. ಮಂಡಿ ಚೆನ್ನಾಗಿದೆ, ದಿನಾ ತೋಟ ಸುತ್ತುತಾರೆ, ಆದ್ರೆ ಹವಾಯಿ ಚಪ್ಪಲಿ ಬಿಟ್ಟು ಬೇರೆ ಹಾಕಿದವ್ರಲ್ಲ. ಕುದುರೆಮುಖಕ್ಕೆ ಹೋಗೋ ಹಾಗೆ ಅಲ್ಲೂ ಅರಣ್ಯ ಇಲಾಖೆ ಪರ್ಮಿಶನ್ ಬೇಕಾ? ಇಂಬಳ ಇದ್ಯಾ? ಜೂನ್ ಅಂದ್ರೆ ನಮ್ಮ ಹಾಗೆ ಮಳೆ ಹಿಡ್ಕೊಳುತ್ತಾ? ಹೋಗಿ ಬಂದವ್ರು ದಯವಿಟ್ಟು ಹೇಳಿ.

ಕಾನು_ಸಾಗರ:

ನಾನು ಅಬರಿಸ್ಟ್‌ವಿತ್‌ನಲ್ಲಿ ಎರಡು ವರ್ಷ ಓದಿದೀನಿ, ಭಾನುವಾರ ಅಂದ್ರೆ ಗುಡ್ಡ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ.

ನಿಮ್ಮಕ್ಕನ ಊರಿಂದ ಕಾರಲ್ಲಿ ಅರ್ಧ ಗಂಟೇಲಿ ನ್ಯೂ ರ‍್ಯಾಡ್ನರ್ ಅಂತ ಒಂದು ಹಳ್ಳಿ ಸಿಗುತ್ತೆ, ಎ44 ರಸ್ತೆ ಪಕ್ಕದಲ್ಲಿ. ಅದ್ರ ಹಿಂದೆ ಎದ್ದು ನಿಂತಿರೋದೇ ರ‍್ಯಾಡ್ನರ್ ಫಾರೆಸ್ಟ್. ಫಾರೆಸ್ಟ್ ಅಂದ್ರೆ ನಮ್ಮ ಕಾನು ಅಂದ್ಕೋಬೇಡಿ. ಹಳೇ ಕಾಲದಲ್ಲಿ ರಾಜರು ಬೇಟೆಗೆ ಅಂತ ಮೀಸಲಿಟ್ಟ ಜಾಗಕ್ಕೆ ಆ ಹೆಸರು, ಮರ ಇರ್ಲೇಬೇಕು ಅಂತಿಲ್ಲ. ಒಂದೆರಡು ಮಗ್ಗುಲಲ್ಲಿ ನೆಟ್ಟ ಸೂಜಿಮರದ ತೋಪು ಬಿಟ್ರೆ ಮಿಕ್ಕಿದ್ದೆಲ್ಲ ಬೋಳು ಬೆನ್ನು. ದೊಡ್ಡದು ಗ್ರೇಟ್ ರೋಸ್, 660 ಮೀಟರ್, ಆಮೇಲೆ ಬ್ಲ್ಯಾಕ್ ಮಿಕ್ಸನ್ 650, ಬೇಚ್ ಹಿಲ್ 610. ಇವು ಮೂರನ್ನೂ ಬಿಡಿ, ನಿಮ್ಮ ಅಪ್ಪಯ್ಯನಿಗೆ ನಾನು ಹೇಳೋದು ವಿಂಬಲ್ ಅನ್ನೋ ಗುಡ್ಡ. 599 ಮೀಟರ್, ಊರಿಂದ ಹೆಚ್ಚು ಕಮ್ಮಿ ಎರಡೂವರೆ ಕಿಲೋಮೀಟರ್ ನಡೆದ್ರೆ ತುದಿ. ದೂರದಿಂದ ನೋಡಿದ್ರೆ ಅನ್ನದ ರಾಶಿ ಥರ ಒಂಟಿಯಾಗಿ ಕೂತಿರುತ್ತೆ, ಕೊನೇ ಏರು ಮಾತ್ರ ಕಡಿದು, ಅಲ್ಲಿ ಕೈಗೆ ಕೋಲು ಕೊಡಿ.

ನಾನು ಮೂರು ಸಲ ಹತ್ತಿದೀನಿ, ಮೂರು ಸಲದಲ್ಲಿ ಎದುರು ಸಿಕ್ಕಿದ್ದು ಒಟ್ಟು ಇಬ್ರೇ. ತುದೀಲಿ ಒಂದು ದಿಬ್ಬ ಇದೆ, ಕಂಚಿನ ಯುಗದವ್ರು ಸತ್ತವ್ರನ್ನ ಇಟ್ಟ ಜಾಗ. ಅಲ್ಲಿ ಕೂತ್ರೆ ಗಾಳಿ, ನೆಲಗುಬ್ಬಿ ಜಾತಿ ಹಕ್ಕಿ ನೆತ್ತಿ ಮೇಲೆ ಒಂದೇ ಕಡೆ ನಿಂತು ಕೂಗ್ತಾ ಇರುತ್ತೆ, ಕೆಳಗೆ ಕುರಿ, ಇಷ್ಟೇ. ಆ ಕಡೆ ಜನ ಹೇಳೋ ಪ್ರಕಾರ ವೇಲ್ಸ್‌ನ ಕೊನೇ ಡ್ರ್ಯಾಗನ್ ಈ ಗುಡ್ಡದ ಹೊಟ್ಟೇಲಿ ಮಲ್ಗಿದೆ, ಅದು ಏಳದ ಹಾಗೆ ಸುತ್ತ ನಾಲ್ಕು ಚರ್ಚ್ ಕಟ್ಟಿದಾರೆ, ನಾಲ್ಕೂ ಸಂತ ಮೈಕೇಲನ ಹೆಸರಲ್ಲಿ. ನಮ್ಮೂರ ಸುತ್ತ ಚೌಡಿ ಕಾಯೋ ಹಾಗೆ ಅಂತ ನಂಗೆ ಅನ್ಸಿತ್ತು.

ಪರ್ಮಿಶನ್ ಬೇಡ, ದುಡ್ಡೂ ಬೇಡ. ಎಚ್ಚರಿಕೆ ಮೂರು ಇದೆ. ಒಂದು, ವಿಂಬಲ್‌ಗೂ ಗ್ರೇಟ್ ರೋಸ್‌ಗೂ ಮಧ್ಯೆ ಹಾರ್ಲೆ ಡಿಂಗಲ್ ಅಂತ ಕಣಿವೆ ಇದೆ, ಮದ್ದುಗುಂಡು ಪರೀಕ್ಷೆ ಮಾಡೋ ಜಾಗ, ಬೋರ್ಡ್ ಇರುತ್ತೆ, ಶಾರ್ಟ್‌ಕಟ್ ಅಂತ ಅದ್ರೊಳಗೆ ಇಳೀಬೇಡಿ. ಎರಡನೇದು ಮಂಜು. ಹತ್ತು ನಿಮಿಷದಲ್ಲಿ ಮುಚ್ಕೊಳುತ್ತೆ, ಬೋಳುಗುಡ್ಡದಲ್ಲಿ ಗುರುತಿಗೆ ಒಂದು ಮರ ಇರಲ್ಲ, ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತೆ. ಆರ್ಡನೆನ್ಸ್ ಸರ್ವೇ ಮ್ಯಾಪು, ಒಂದು ದಿಕ್ಸೂಚಿ ಇಟ್ಕೊಳಿ. ಏನಾದ್ರೂ ಆದ್ರೆ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ ಆಮೇಲೆ ಮೌಂಟೇನ್ ರೆಸ್ಕ್ಯೂ ಅನ್ಬೇಕು. ಬರೋವ್ರೆಲ್ಲ ಸ್ವಯಂಸೇವಕ್ರು, ಕಾಸು ತಗೊಳಲ್ಲ.

ಮೂರನೇದು ಜೌಗು, ಇದನ್ನ ಬಿಡಿಸಿ ಹೇಳ್ಬೇಕು. ವಿಂಬಲ್ ಮೇಲೆ ಜಾಸ್ತಿ ಇಲ್ಲ ಆದ್ರೆ ಹಿಂದಿನ ಬೆನ್ನಿನ ಮೇಲೆ ಹೋದ್ರೆ ಸಿಗುತ್ತೆ. ನಮಗೆ ಹಸಿರು ಕಂಡ್ರೆ ಗಟ್ಟಿ ನೆಲ ಅನ್ಸುತ್ತೆ, ಅಲ್ಲಿ ತಿಳಿಹಸಿರು ಜಾಸ್ತಿ ಇದ್ದಷ್ಟೂ ಕೆಳಗೆ ನೀರು. ಪಾಚಿ ಹಾಸಿಗೆ ಥರ ಉಬ್ಬಿರುತ್ತೆ, ಕಾಲಿಟ್ರೆ ಮೊಣಕಾಲು ತನಕ ತಣ್ಣಗೆ ಹೋಗುತ್ತೆ, ಶೂ ಕೀಳೋವಾಗ ಪಚಕ್ ಅಂತ ಸದ್ದು. ಬಿಳೀ ಹತ್ತಿ ಎಳೆ ಥರ ಹೂ ಬಿಟ್ಟ ಹುಲ್ಲು ಕಂಡ್ರೆ ಸುತ್ತಾಕಿ ಹೋಗಿ, ಅದು ಜೌಗಿನ ಗುರುತು. ಹಂಗಂತ ಜೌಗು ಕಂಡ್ರೆ ಓಡ್ಬೇಡಿ, ಅಂಚಲ್ಲಿ ಬಗ್ಗಿ ನೋಡಿ, ಕೆಂಪು ಕೂದ್ಲ ತುದೀಲಿ ಅಂಟಿನ ಹನಿ ಇಟ್ಕೊಂಡು ನೊಣ ಹಿಡಿಯೋ ಪುಟ್ಟ ಗಿಡ ಇರುತ್ತೆ. ಅದೇ ಕುಲದ ಗಿಡ ನಮ್ಮ ಜಂಬಿಟ್ಟಿಗೆ ಬಯಲಲ್ಲೂ ಮಳೆಗಾಲ ಮುಗಿಯೋ ಹೊತ್ತಿಗೆ ನೆಲಕ್ಕಂಟ್ಕೊಂಡು ಬರುತ್ತಲ್ಲ, ಅಪ್ಪಯ್ಯನಿಗೆ ತೋರ್ಸಿ, ಖಂಡಿತ ಗುರುತು ಹಿಡೀತಾರೆ.

ಮಳೆ ನಮ್ಮಷ್ಟು ಜೋರಿಲ್ಲ, ಆದ್ರೆ ಚಳಿಗಾಳಿ ಜೊತೆ ಬರೋ ತುಂತುರು. ಹವಾಯಿ ಚಪ್ಪಲಿ ಖಂಡಿತ ಬೇಡ, ಮೇಲೆ ನೀರು ಇಳೀದಿರೋ ಜಾಕೆಟ್, ಒಳಗೆ ಸ್ವೆಟರ್. ಬೆಳಕಿನ ಚಿಂತೆ ಬೇಡ, ಜೂನ್‌ನಲ್ಲಿ ರಾತ್ರಿ 9 ಗಂಟೆ ಮೇಲೂ ಬೆಳಕು.

ತುಂಗಾತೀರ:

ಅಷ್ಟು ದುಡ್ಡು ಖರ್ಚು ಮಾಡಿ ಹೋಗಿ ಬೋಳುಗುಡ್ಡ ನೋಡೋದ್ಯಾಕೆ ಅಂತ ನನ್ನ ಅಭಿಪ್ರಾಯ. ಇರ್ ವಿದ್ವಾ ಅಂದ್ರೆ ಸ್ನೋಡನ್‌ಗೆ ಹೋಗಿ, 1085 ಮೀಟರ್, ವೇಲ್ಸ್‌ಗೇ ಎತ್ತರ, 1896ರಿಂದ ಅಲ್ಲಿಗೆ ಪುಟ್ಟ ರೈಲು ಓಡ್ತಿದೆ, ವಯಸ್ಸಾದವ್ರಿಗೆ ನಡಿಗೇನೂ ಬೇಡ. ನಾನು ನಮ್ಮತ್ತೆ ಮಾವನ್ನ ಕರ್ಕೊಂಡು ಹೋಗಿದ್ದೆ, ಖುಷಿ ಪಟ್ರು. ಕೊಡಚಾದ್ರಿ ನೋಡಿದವ್ರಿಗೆ 599 ಮೀಟರ್ ಎಂತ ಗುಡ್ಡ?

ಕಾನು_ಸಾಗರ:

ತುಂಗಾತೀರ ಅವ್ರೇ, ನಿಮ್ಮತ್ತೆ ಮಾವನಿಗೆ ರೈಲು ಸರಿ ಇತ್ತು, ಅದ್ರಲ್ಲಿ ತಪ್ಪಿಲ್ಲ. ಆದ್ರೆ ಇವ್ರ ಅಪ್ಪಯ್ಯ ಕೇಳ್ತಿರೋದು ನಡಿಗೆ, ಎತ್ತರ ಅಲ್ಲ. ಬೋಳು ಅನ್ನೋದೂ ಬೈಗುಳ ಅಲ್ಲ, ವೆಲ್ಶ್ ಭಾಷೇಲಿ ಮೊಯೆಲ್ ಅಂದ್ರೆ ಬೋಳು, ಎಷ್ಟೊಂದು ಗುಡ್ಡಕ್ಕೆ ಅದೇ ಹೆಸರು.

ಇನ್ನೊಂದು ವಿಷ್ಯ, ಜನ ಇಲ್ಲ ಅಂತ ನಾನು ಬರ್ದಿದ್ದು ಪೂರ್ತಿ ಸರಿ ಅಲ್ಲ ಅಂತ ಈಗ ಅನ್ಸ್ತಿದೆ. ಟೂರಿಸ್ಟ್ ಇಲ್ಲ ಅಷ್ಟೇ. ಆ ಗುಡ್ಡ ಯಾರ್ದೋ ಕುರಿ ಮೇಯೋ ಜಾಗ. ಅಲ್ಲಿ ಗುಡ್ಡದ ಮೇಲೆ ಎಷ್ಟೋ ಕಡೆ ಬೇಲಿ ಇರಲ್ಲ, ಆದ್ರೂ ಒಂದು ಮನೆ ಕುರಿ ಇನ್ನೊಂದು ಮನೆ ಜಾಗಕ್ಕೆ ಹೋಗಲ್ಲ. ತಾಯಿ ಜೊತೆ ಮರಿ ಓಡಾಡಿ ಓಡಾಡಿ ಇಷ್ಟೇ ನಮ್ದು ಅಂತ ಕಲಿಯುತ್ತೆ. ಅದಕ್ಕೆ ವೆಲ್ಶ್‌ನಲ್ಲಿ ಕನೆವಿನ್ ಅಂತಾರೆ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಬ್ರಿಟನ್ನಲ್ಲಿ ಲಕ್ಷಗಟ್ಟಲೆ ಕುರಿ ಕೊಂದು ಹಾಕಿದ್ರು, ಗುಡ್ಡದ ದಾರಿ ಎಲ್ಲ ಬಂದ್ ಮಾಡಿದ್ರು. ಅಂಥ ಹಿಂಡು ಒಮ್ಮೆ ಹೋದ್ರೆ ಹೊಸ ಕುರಿ ತಂದು ಬಿಟ್ಟ ಮಾತ್ರಕ್ಕೆ ಆಗಲ್ಲ, ಗಡಿ ಹೇಳ್ಕೊಡೋ ತಾಯೇ ಇರಲ್ಲ ಅಲ್ವಾ. ಅದಕ್ಕೇ ಹೇಳೋದು, ಗೇಟು ಹೇಗಿತ್ತೋ ಹಾಗೇ ಬಿಡಿ, ತೆರ್ದಿದ್ರೆ ತೆರ್ದೇ, ಮುಚ್ಚಿದ್ರೆ ಮುಚ್ಚೇ. ಕುರಿ ಅಟ್ಬೇಡಿ.

ಹೊಸನಗರದಕ್ಕ:

ನಾನು ಆರೋಗ್ಯ ಇಲಾಖೇಲಿ ಕೆಲಸ ಮಾಡಿ ರಿಟೈರ್ ಆದವ್ಳು, ನನ್ ಮಗ ಕಾರ್ಡಿಫ್‌ನಲ್ಲಿದಾನೆ, ಎರಡು ಸಲ ಹೋಗಿ ಬಂದೆ. ತಮ್ಮಾ, ಇಂಬಳ ಕೇಳಿದ್ಯಲ್ಲ, ನಮ್ಮ ಥರ ಕಾಲಿಗೆ ಹತ್ತೋ ಇಂಬಳದ ಕಾಟ ಅಲ್ಲಿಲ್ಲ, ಉಪ್ಪು ಸುಣ್ಣ ಏನೂ ಬೇಡ. ಆದ್ರೆ ಉಣುಗು ಇದೆ. ಕುರಿ ಮೇಯೋ ಹುಲ್ಲು, ಜರಿಗಿಡದ ಪೊದೆ, ಇಲ್ಲೆಲ್ಲ ಎಲೆ ತುದೀಲಿ ಕಾಯ್ತಾ ಇರುತ್ತೆ. ಉಣುಗು ಅಂದ್ರೆ ಎಂತ ಅಂತ ನಮ್ಮ ಜಿಲ್ಲೆಯವ್ರಿಗೆ ಯಾರೂ ಪಾಠ ಮಾಡ್ಬೇಕಿಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು, ಇವತ್ತಿಗೂ ಬೇಸಿಗೆ ಬಂದ್ರೆ ಎದೆ ಹೊಡ್ಕೊಳುತ್ತೆ ನಂಗೆ.

ಅಲ್ಲಿ ಮಂಗನ ಕಾಯಿಲೆ ಇಲ್ಲ, ಲೈಮ್ ಅನ್ನೋ ಬೇರೆ ಕಾಯಿಲೆ ಇದೆ. ಅದು ಬ್ಯಾಕ್ಟೀರಿಯಾದಿಂದ ಬರೋದು, ಬೇಗ ಗೊತ್ತಾದ್ರೆ ಮಾತ್ರೇಲಿ ವಾಸಿ ಆಗುತ್ತೆ. ಎಲ್ಲಾ ಉಣುಗಿನಲ್ಲೂ ಇರಲ್ಲ, ಹೆದರ್ಕೋಬೇಡಿ. ಪ್ಯಾಂಟ್ ತುದಿ ಸಾಕ್ಸ್ ಒಳಗೆ ತುರ್ಕಿ, ತಿಳಿ ಬಣ್ಣದ ಬಟ್ಟೆ ಹಾಕಿ, ಆಗ ಕಾಣುತ್ತೆ. ಮನೆಗೆ ಬಂದ್ಮೇಲೆ ಮಂಡಿ ಹಿಂದೆ, ತೊಡೆಸಂದಿ, ಕಂಕುಳು, ಸೊಂಟದ ಪಟ್ಟಿ ಜಾಗ ನೋಡ್ಕೊಳಿ. ಗಸಗಸೆ ಕಾಳಿನಷ್ಟು ಸಣ್ಣಕ್ಕಿರುತ್ತೆ, ಕನ್ನಡಕ ಹಾಕ್ಕೊಂಡೇ ನೋಡಿ. ಹತ್ತಿದ್ರೆ ಎಣ್ಣೆ ಹಚ್ಚೋದು, ಬೀಡಿ ಬೆಂಕಿ ಮುಟ್ಸೋದು ಮಾಡ್ಬೇಡಿ, ಚೂಪು ಚಿಮಟದಲ್ಲಿ ಚರ್ಮದ ಹತ್ರ ಹಿಡ್ದು ನಿಧಾನ ನೆಟ್ಟಗೆ ಎಳೀರಿ. ಮುಂದಿನ ಕೆಲವು ವಾರದಲ್ಲಿ ಅಲ್ಲಿ ಕೆಂಪು ಬಳೆ ಥರ ಮಚ್ಚೆ ದೊಡ್ಡದಾಗ್ತಾ ಬಂದ್ರೆ ಅಥವಾ ಜ್ವರ ಬಂದ್ರೆ ಡಾಕ್ಟ್ರಿಗೆ ತೋರ್ಸಿ. ವಾಪಸ್ ಊರಿಗೆ ಬಂದ್ಮೇಲೆ ಕಾಣಿಸ್ಕೊಂಡ್ರೆ ವೇಲ್ಸ್‌ನಲ್ಲಿ ಗುಡ್ಡ ಹತ್ತಿದ್ದೆ ಅಂತ ಬಾಯ್ಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ನಮ್ಮ ಡಾಕ್ಟ್ರು ಅದನ್ನ ನೆನಸ್ಕೊಳೋದು ಕಷ್ಟ.

ಕರಡದಗುಡ್ಡ:

ನಂಗೆ ಒಂದು ಪ್ರಶ್ನೆ. ಇನ್ನೊಬ್ರ ಕುರಿ ಮೇಯೋ ಜಾಗದಲ್ಲಿ ಪರ್ಮಿಶನ್ ಇಲ್ದೆ ಹೇಗೆ ಹೋಗ್ತಾರೆ, ಬೈಯಲ್ವಾ? ನಮ್ಮಲ್ಲಿ ಒಬ್ರ ಬ್ಯಾಣದೊಳಗೆ ಗುರುತಿಲ್ಲದವ್ರು ನುಗ್ಗಿದ್ರೆ ನಾವೇ ಕೇಳ್ತೀವಿ ಯಾರು ನೀವು ಅಂತ.

ಕಾನು_ಸಾಗರ:

ಕಾನೂನೇ ಇದೆ. 2000ದಲ್ಲಿ ಪಾಸಾಯ್ತು, 2005ರಲ್ಲಿ ವೇಲ್ಸ್‌ನಲ್ಲಿ ಜಾರಿಗೆ ಬಂತು. ಗುಡ್ಡ, ಬಯಲು, ಜೌಗು ನೆಲ ಇಂಥದ್ದನ್ನ ಗುರುತು ಮಾಡಿ, ಮಾಲೀಕ ಯಾರೇ ಇರ್ಲಿ ಕಾಲ್ನಡಿಗೇಲಿ ಯಾರು ಬೇಕಾದ್ರೂ ಓಡಾಡ್ಬೋದು ಅಂತ ಮಾಡಿದಾರೆ. ಮ್ಯಾಪಲ್ಲಿ ಆ ಜಾಗಕ್ಕೆ ತಿಳಿ ಹಳದಿ ಬಣ್ಣ. ಸುಮ್ನೆ ಬಂದಿದ್ದಲ್ಲ, 1932ರಲ್ಲಿ ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಅನ್ನೋ ಗುಡ್ಡಕ್ಕೆ ನೂರಾರು ಜನ ಬೇಕಂತಲೇ ನುಗ್ಗಿದ್ರು, ಐದು ಜನ ಹುಡುಗ್ರು ಜೈಲಿಗೆ ಹೋದ್ರು. ಇದನ್ನ ಮೊದಲ ಸಲ ಓದಿದಾಗ ನಂಗೆ ನಮ್ಮ ತಾಲ್ಲೂಕಿನ ಕಾಗೋಡೇ ನೆನಪಾಗಿದ್ದು, 1951. ಅದು ಉಳೋವ್ನ ಹಕ್ಕು, ಇದು ನಡೆಯೋವ್ನ ಹಕ್ಕು, ಎರಡೂ ಒಂದೇ ತೂಕದ್ದು ಅಂತ ನಾನು ಹೇಳ್ತಿಲ್ಲ, ಆದ್ರೆ ನೆಲದ ಮೇಲೆ ಕಾಲಿಟ್ಟೇ ಕೇಳಿದ್ರು ಎರಡೂ ಕಡೆ. ಮಾರ್ಚ್ 1ರಿಂದ ಜುಲೈ 31ರ ತನಕ ಅಲ್ಲಿ ನಾಯಿಗೆ ಹಗ್ಗ ಕಟ್ಲೇಬೇಕು, ನೆಲದ ಮೇಲೆ ಹಕ್ಕಿ ಗೂಡು ಮಾಡೋ ಕಾಲ ಅದು.

ಕರಡದಗುಡ್ಡ:

ಹಕ್ಕಿನ ವಿಷ್ಯ ತಿಳೀತು. ಇನ್ನೊಂದು ಮಾತು ಹೇಳ್ಬೇಕು ಅನ್ಸ್ತು. ಬೋಳುಗುಡ್ಡ ಅಂದ್ರೆ ಪಾಳುಬಿದ್ದ ಜಾಗ, ಮರ ನೆಟ್ರೆ ಉದ್ಧಾರ ಅಂತ ತಿಳ್ಕೊಂಡೇ ನಮ್ಮ ಬ್ಯಾಣ ಗೋಮಾಳಕ್ಕೆಲ್ಲ ಅಕೇಶಿಯಾ ಬಂದಿದ್ದು. ಅಲ್ಲಿ 1919ರಲ್ಲಿ ಅರಣ್ಯ ಆಯೋಗ ಆದ್ಮೇಲೆ ವೇಲ್ಸ್ ಗುಡ್ಡದ ಮೇಲೂ ಹಿಂಗೇ ಸಾಲು ಸಾಲು ಸೂಜಿಮರ ನೆಟ್ರಂತೆ. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಅಲ್ಲಿ ಎಷ್ಟೋ ಗುಡ್ಡ ಬೋಳಾಗಿದ್ದೇ ಜನ ಮರ ಕಡ್ದು ಕುರಿ ಬಿಟ್ಟಿದ್ರಿಂದ. ನಮ್ಮ ಕುದುರೆಮುಖದ ನೆತ್ತಿಯ ಹುಲ್ಲು ಹಾಗಲ್ಲ, ಅದು ಶೋಲಾ ಕಾಡಿನ ಜೊತೆ ತಾನೇ ತಾನಾಗಿ ಇರೋದು. ಮನೆ ಹಿಂದಿನ ಬ್ಯಾಣ ಇದೆಯಲ್ಲ, ಅದು ಮಾತ್ರ ವೇಲ್ಸ್ ಥರ, ದನದ ಬಾಯಿ ನಮ್ಮ ಕತ್ತಿ ಎರಡೂ ಸೇರಿ ಉಳಿಸಿದ ಹುಲ್ಲು. ದನ ಹೋಯ್ತು, ಬ್ಯಾಣ ಹೋಯ್ತು. ನಿಮ್ಮ ಅಪ್ಪಯ್ಯ ಕಿಟಕೀಲಿ ನೋಡ್ತಿರೋದು ಎಂತ ಅಂತ ನಂಗೆ ಅರ್ಥ ಆಗುತ್ತೆ.

ಹಿನ್ನೀರಂಚು:

ಅದೇ ಊರಲ್ಲಿ ಉಳ್ಕೊಳೋದಾದ್ರೆ ಒಂದು ದಿನ ಇಲಾನ್ ಕಣಿವೆಗೂ ಹೋಗಿ, ದೂರ ಇಲ್ಲ. ಬರ್ಮಿಂಗ್‌ಹ್ಯಾಮ್‌ಗೆ ಕುಡಿಯೋ ನೀರಿಗೆ ಅಂತ 1893ರಲ್ಲಿ ಕೆಲಸ ಶುರು ಮಾಡಿ 1904ರಲ್ಲಿ ಅಣೆಕಟ್ಟು ಉದ್ಘಾಟನೆ ಆಯ್ತು, ನೂರು ಕಿಲೋಮೀಟರ್‌ಗಿಂತ ದೂರ ಪಂಪಿಲ್ದೆ ಇಳಿಜಾರಲ್ಲೇ ನೀರು ಹರಿಯುತ್ತೆ. ಕಟ್ಟಡ ಚೆಂದ, ಸುತ್ತ ಅದೇ ಹುಲ್ಲುಗುಡ್ಡ. ಆದ್ರೆ ಅಡಿಯಲ್ಲಿ ಮನೆ, ಚರ್ಚು, ಶಾಲೆ ಇತ್ತು. ಉತ್ತರದಲ್ಲಿ ಕಪೆಲ್ ಕೆಲಿನ್ ಅನ್ನೋ ಊರು 1965ರಲ್ಲಿ ಲಿವರ್‌ಪೂಲ್ ನೀರಿಗೆ ಅಂತ ಮುಳುಗ್ತು. ಲಿಂಗನಮಕ್ಕಿ ಆಗಿದ್ದು 1964. ನಮ್ಮಜ್ಜನ ಮನೆ ಶರಾವತಿ ಅಡಿಯಲ್ಲಿದೆ. ಟ್ರೈವೆರಿನ್ ಅಂದ್ರೆ ಆ ಕಪೆಲ್ ಕೆಲಿನ್ ಇದ್ದ ಕಣಿವೆ. ಟ್ರೈವೆರಿನ್ ಮರೀಬೇಡಿ ಅಂತ ಅವ್ರ ಭಾಷೇಲಿ ರಸ್ತೆ ಪಕ್ಕದ ಮುರುಕು ಗೋಡೆ ಮೇಲೆ ಬರ್ದಿರೋದನ್ನ ಫೋಟೋದಲ್ಲಿ ನೋಡಿದಾಗ ಅರ್ಥ ತಿಳ್ಕೊಳೋಕೆ ಮೊದ್ಲೇ ಗಂಟಲು ಕಟ್ಟಿತ್ತು. ಮುಳುಗಡೆ ಜನಕ್ಕೆ ಹೇಳ್ಕೊಡ್ಬೇಕಿಲ್ಲ.

ಬ್ಯಾಣದಮನೆ:

ಎಲ್ರಿಗೂ ಉತ್ತರ ಕೊಡೋಕೆ ತಡ ಆಯ್ತು, ಹೋಗಿ ಬಂದು ಹತ್ತು ದಿನ ಆಯ್ತು. ವಿಂಬಲ್ ಹತ್ತಿದ್ವಿ.

ಮೊದಲ ವಾರ ಪೂರ್ತಿ ಮೋಡ, ಕಾದ್ವಿ. ಎರಡನೇ ವಾರ ಮಂಗಳವಾರ ಬಿಸಿಲು ಬಂತು, ಅಕ್ಕನಿಗೂ ರಜೆ. ಅಪ್ಪಯ್ಯನಿಗೆ ಶೂ ಹಾಕ್ಸೋಕೆ ಅರ್ಧ ದಿನ ಹಿಡೀತು, ಆಮೇಲೆ ಅವ್ರೇ ಇಷ್ಟ ಪಟ್ಟು ಮನೆ ಒಳಗೂ ಹಾಕ್ಕೊಂಡು ತಿರುಗ್ತಿದ್ರು. ನ್ಯೂ ರ‍್ಯಾಡ್ನರ್‌ನಲ್ಲಿ ಕಾರು ಬಿಟ್ಟು ಊರ ಹಿಂದಿನ ಓಣೀಲಿ ಹತ್ತಿದ್ವಿ, ಅಮ್ಮ ಹಳೇ ಕೋಟೆ ದಿಬ್ಬದ ಹತ್ರನೇ ಕೂತ್ರು, ಅವ್ರ ಜೊತೆ ಅಕ್ಕನ ಫ್ರೆಂಡ್ ಇದ್ರು. ಜರಿಗಿಡ ಆಗ್ಲೇ ಸೊಂಟದ ಎತ್ತರ, ಹೊಸನಗರದಕ್ಕ ಹೇಳಿದ ಹಾಗೆ ಸಾಕ್ಸ್ ಒಳಗೆ ಪ್ಯಾಂಟ್ ತುರ್ಕಿದ್ವಿ. ಸಂಜೆ ನೋಡಿದ್ರೆ ನನ್ನ ಮಂಡಿ ಹಿಂದೆ ಒಂದು ಇತ್ತು ಅಕ್ಕ, ಗಸಗಸೆ ಕಾಳೇ ಸರಿ, ಚಿಮಟದಲ್ಲಿ ತೆಗ್ದ್ವಿ, ಇಲ್ಲೀ ತನಕ ಮಚ್ಚೆ ಇಲ್ಲ, ದಿನಾ ನೋಡ್ಕೊಳ್ತಿದೀನಿ.

ಕೊನೇ ಏರಿನಲ್ಲಿ ಅಪ್ಪಯ್ಯ ನಾಲ್ಕು ಸಲ ನಿಂತ್ರು, ನಿಂತಾಗೆಲ್ಲ ಹುಲ್ಲು ಕಿತ್ತು ಬೆರಳಲ್ಲಿ ಉಜ್ಜಿ ಮೂಸ್ತಿದ್ರು. ಇದು ದನಕ್ಕೆ ಆಗಲ್ಲ ಒರಟು, ಇದು ಆಗುತ್ತೆ ಅಂತ ಒಂದೊಂದನ್ನೇ ಬೇರೆ ಮಾಡ್ತಿದ್ರು. ತುದೀಲಿ ದಿಬ್ಬದ ಮೇಲೆ ಕೂರ್ಲಿಲ್ಲ, ಹಿರಿಯರನ್ನ ಇಟ್ಟ ಜಾಗ ಅಂದ್ಮೇಲೆ ಕೂರೋದು ಬೇಡ ಅಂತ ಪಕ್ಕಕ್ಕೆ ಬಂದು ಗಾಳಿಗೆ ಬೆನ್ನು ಹಾಕಿ ಕೂತ್ರು. ಚಪಾತಿ ಚಟ್ನಿಪುಡಿ ತಿಂದು ಫ್ಲಾಸ್ಕ್ ಕಾಫಿ ಕುಡಿದ್ವಿ. ಆಮೇಲೆ ಒಂದು ಗಂಟೆ ಯಾರೂ ಮಾತಾಡ್ಲಿಲ್ಲ. ನಮ್ಮನೇಲಿ ಅಷ್ಟು ಹೊತ್ತು ಮಾತಿಲ್ದೆ ಕೂತಿದ್ದು ನಂಗೆ ನೆನಪಿಲ್ಲ.

ಇಳಿಯೋವಾಗ ಗೇಟ್ ಹತ್ರ ಒಬ್ರು ರೈತ್ರು ಸಿಕ್ಕಿದ್ರು, ನಾಲ್ಕು ಚಕ್ರದ ಬೈಕು, ಹಿಂದೆ ಎರಡು ನಾಯಿ. ಅಪ್ಪಯ್ಯ ಕೈ ಮುಗಿದ್ರು. ಕಾನು_ಸಾಗರ ಅವ್ರು ಬರ್ದಿದ್ದು ತಲೇಲಿ ಇತ್ತಲ್ಲ, ಕುರಿ ತಪ್ಪಿಸ್ಕೊಳಲ್ವಾ ಕೇಳು ಅಂತ ಅಕ್ಕನ ಹತ್ರ ಕೇಳ್ಸಿದ್ರು. ಅವ್ರು ತಾಯಿ ಕಲಿಸುತ್ತೆ ಅಂದ್ರಂತೆ. ನಮ್ಮ ಕೆಂಪಿನೂ ಹಾಗೇ ಇತ್ತು ಅನ್ನು ಅಂದ್ರು ಅಪ್ಪಯ್ಯ. ಕೆಂಪಿ ನಮ್ಮನೆ ಮಲೆನಾಡು ಗಿಡ್ಡ, ಸಂಜೆ ಆದ್ರೆ ಹಿಂಡನ್ನೆಲ್ಲ ಅದೇ ಕೊಟ್ಟಿಗೆಗೆ ತರ್ತಿತ್ತು, ಸತ್ತು ಇಪ್ಪತ್ತು ವರ್ಷದ ಮೇಲಾಯ್ತು. ಅಕ್ಕ ಅಷ್ಟನ್ನೂ ಇಂಗ್ಲಿಷಲ್ಲಿ ಹೇಳಿದ್ಲು. ಆ ರೈತ್ರು ಬೈಕ್ ಆಫ್ ಮಾಡಿ, ಆ ಹಸು ಎಷ್ಟು ಎತ್ತರ ಇತ್ತು ಅಂತ ಕೇಳಿದ್ರು. ಅಪ್ಪಯ್ಯ ಸೊಂಟದ ಹತ್ರ ಕೈ ಹಿಡ್ದು ತೋರ್ಸಿದ್ರು.

ಕರಡದಗುಡ್ಡ:

ಓದಿ ಕಣ್ಣು ತುಂಬ್ತು ಮಾರಾಯ್ರೇ. ಹತ್ತಿ ಇಳಿಯೋಕೆ ಒಟ್ಟು ಎಷ್ಟು ಹೊತ್ತು ಹಿಡೀತು? ಮುಂದಿನ ವರ್ಷ ನಮ್ಮ ತಂಗಿ ಮನೆಗೆ ಆ ಕಡೆ ಹೋಗೋದಿದೆ.

ಬ್ಯಾಣದಮನೆ:

ನಾವು ಬೆಳಗ್ಗೆ 10:30ಕ್ಕೆ ಬಿಟ್ಟು 3:30ಕ್ಕೆ ವಾಪಸ್ ಕಾರ್ ಹತ್ರ. ನೀವಾದ್ರೆ ಮೂರು ಗಂಟೇಲಿ ಆಗುತ್ತೆ, ಆದ್ರೆ ಐದು ಗಂಟೆನೇ ಇಟ್ಕೊಳಿ. ನೀರು ಕೆಳಗಿಂದಲೇ ಒಯ್ಬೇಕು, ಮೇಲೆ ಕುಡಿಯೋ ಥರದ್ದಿಲ್ಲ. ಅಪ್ಪಯ್ಯ ಊರಿಗೆ ಬಂದ ಮಾರನೇ ದಿನವೇ ಕತ್ತಿ ಹಿಡ್ಕೊಂಡು ಬ್ಯಾಣಕ್ಕೆ ಹೋಗಿ ಹೊಸದಾಗಿ ಎದ್ದ ಅಕೇಶಿಯಾ ಸಸಿ ಕೀಳ್ತಿದಾರೆ, ಮಳೆ ಬಿದ್ದು ಬೇರು ಸಡಿಲ ಇದೆ ಈಗ್ಲೇ ಆಗ್ಬೇಕು ಅಂತ. ನಾನೂ ಹೋಗ್ತಿದೀನಿ ಸಂಜೆ ಹೊತ್ತು.